ಶಿಕ್ಷೆಯ ಬುನಾದಿ ಠಾಣೆಯಲ್ಲಿದೆ



ನಾನು ವಕೀಲೆಯಲ್ಲ, ಸಾಫ್ಟ್‌ವೇರ್ ಕೆಲಸದವಳು. ಆದರೂ ರಾತ್ರಿ ಪಾಳಿ ಮುಗಿಸಿ ಕ್ಯಾಬ್‌ನಲ್ಲಿ ಮನೆಗೆ ಹೋಗುವ ನಮ್ಮಂಥವರಿಗೆ ಈ ವಿಷಯ ದೂರದ್ದಲ್ಲ. ಒಂದು ಘೋರ ಅಪರಾಧ ನಡೆದಾಗಲೆಲ್ಲ ನಾವು ಕೇಳುವುದು ಒಂದೇ: "ಗಲ್ಲಿಗೇರಿಸಿ". ಶಿಕ್ಷೆ ಕಡಿಮೆಯಾದರೆ ನ್ಯಾಯಾಲಯವನ್ನು ಬೈಯುತ್ತೇವೆ. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಸಿಟ್ಟು ಸರಿಯಾದ ಬಾಗಿಲನ್ನು ತಟ್ಟುತ್ತಿದೆಯೇ ಎಂಬುದು ನನ್ನ ಪ್ರಶ್ನೆ.

ಒಂದೇ ವರ್ಷದ, ಇದೇ ದೆಹಲಿಯ ಎರಡು ಪ್ರಕರಣಗಳನ್ನು ನೋಡೋಣ.

2012ರ ಡಿಸೆಂಬರ್ 16ರ ರಾತ್ರಿ ಮುನಿರ್ಕಾದಲ್ಲಿ ಬಸ್ಸು ಹತ್ತಿದ ಹುಡುಗಿಯನ್ನು ನಾವು ನಿರ್ಭಯಾ ಎಂದು ಕರೆದೆವು. ಆ ನಿಲ್ದಾಣ ನಮ್ಮ ದೆಹಲಿ ಕರ್ನಾಟಕ ಸಂಘದ ಕಟ್ಟಡದಿಂದ ದೂರವೇನಲ್ಲ. ಸಿಸಿಟಿವಿ ದೃಶ್ಯದಿಂದ ಬಸ್ಸು ಪತ್ತೆಯಾಯಿತು, ಆಕೆಯ ಹೇಳಿಕೆ ದಾಖಲಾಯಿತು, ಡಿಎನ್‌ಎ ಸಾಕ್ಷ್ಯ ಸಿಕ್ಕಿತು. 2013ರ ಜನವರಿ 3ರಂದೇ ಆರೋಪಪಟ್ಟಿ ಸಲ್ಲಿಕೆಯಾಯಿತು. ತಡವಾದರೂ, 2020ರ ಮಾರ್ಚ್ 20ರಂದು ನಾಲ್ವರಿಗೆ ತಿಹಾರ್‌ನಲ್ಲಿ ಗಲ್ಲಾಯಿತು.

ಅದೇ 2012ರ ಫೆಬ್ರುವರಿಯಲ್ಲಿ, ಗುರುಗ್ರಾಮದಲ್ಲಿ ಕೆಲಸ ಮುಗಿಸಿ ಮನೆಗೆ ಹೊರಟಿದ್ದ 19ರ ಹುಡುಗಿಯನ್ನು ಛಾವ್ಲಾ ಬಳಿ ಅಪಹರಿಸಿ ಕೊಂದರು. ಕೆಳ ನ್ಯಾಯಾಲಯ ಮೂವರಿಗೆ ಗಲ್ಲು ವಿಧಿಸಿತು, ಹೈಕೋರ್ಟ್ ಎತ್ತಿಹಿಡಿಯಿತು. 2022ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಮೂವರನ್ನೂ ಬಿಡುಗಡೆ ಮಾಡಿತು. ಯಾಕೆ? ಆರೋಪಿಗಳ ಗುರುತು ಪತ್ತೆ ಪರೇಡ್ ನಡೆಸಿರಲಿಲ್ಲ. ಡಿಎನ್‌ಎ ಪರೀಕ್ಷೆಯ ಮಾದರಿಗಳು ಪ್ರಯೋಗಾಲಯಕ್ಕೆ ಹೋಗುವ ಮೊದಲು ಹತ್ತಕ್ಕೂ ಹೆಚ್ಚು ದಿನ ಪೊಲೀಸ್ ಮಾಲ್‌ಖಾನೆಯಲ್ಲಿದ್ದವು. ಅವುಗಳಲ್ಲಿ ಕೈವಾಡ ನಡೆದಿರಬಹುದೆಂಬ ಸಂಶಯವನ್ನು ತಳ್ಳಿಹಾಕಲಾಗದು ಎಂದಿತು ಕೋರ್ಟ್. ಆ ಮೂವರೇ ಅಪರಾಧಿಗಳಾಗಿದ್ದರೆ ಅವರು ತಪ್ಪಿಸಿಕೊಂಡರು. ಅಲ್ಲವಾಗಿದ್ದರೆ ನಿರಪರಾಧಿಗಳು ವರ್ಷಗಟ್ಟಲೆ ನೇಣಿನ ನೆರಳಿನಲ್ಲಿದ್ದರು. ಎರಡರಲ್ಲಿ ಯಾವುದು ನಿಜವಾದರೂ ಆ ತಾಯಿಗೆ ನ್ಯಾಯ ಸಿಗಲಿಲ್ಲ.

ನಮ್ಮೂರಿನ ಕಡೆಯೂ ಹೀಗೇ. 2012ರಲ್ಲೇ ಬೆಳ್ತಂಗಡಿ ತಾಲ್ಲೂಕಿನಲ್ಲಿ ಕಾಲೇಜು ವಿದ್ಯಾರ್ಥಿನಿಯೊಬ್ಬಳ ಕೊಲೆಯಾಯಿತು. 2023ರಲ್ಲಿ ಬೆಂಗಳೂರಿನ ನ್ಯಾಯಾಲಯ ಏಕೈಕ ಆರೋಪಿಯನ್ನು ಖುಲಾಸೆಗೊಳಿಸಿತು. ಹಾಗಾದರೆ ಮಾಡಿದವರು ಯಾರು ಎಂದು ಕರಾವಳಿಯ ತಾಯಂದಿರು ಇನ್ನೂ ಕೇಳುತ್ತಿದ್ದಾರೆ.

ಶಿಕ್ಷೆ ಸಾಲದು ಎಂಬ ಕೂಗಿನಿಂದ ಕಾನೂನು ಬದಲಾಗಿದೆ, ನಿಜ. ನಿರ್ಭಯಾ ಪ್ರಕರಣದ ಬಾಲಾಪರಾಧಿ ಗರಿಷ್ಠ ಮೂರು ವರ್ಷ ವಿಶೇಷ ಗೃಹದಲ್ಲಿದ್ದು 2015ರಲ್ಲಿ ಹೊರಬಂದ. ಆ ಆಕ್ರೋಶದ ನಡುವೆಯೇ, ಘೋರ ಅಪರಾಧ ಎಸಗಿದ 16ರಿಂದ 18ರ ವಯಸ್ಸಿನವರನ್ನು ವಯಸ್ಕರಂತೆ ವಿಚಾರಿಸಲು ಅವಕಾಶ ಕೊಡುವ ಕಾಯ್ದೆ ಬಂತು. ಆದರೆ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ 29 ದಿನಗಳಲ್ಲಿ ಕೊಟ್ಟ ವರದಿಯಲ್ಲಿ ಗಲ್ಲನ್ನೂ, ಬಾಲಾಪರಾಧಿಯ ವಯೋಮಿತಿ ಇಳಿಕೆಯನ್ನೂ ಶಿಫಾರಸು ಮಾಡಲಿಲ್ಲ. ಪೊಲೀಸ್ ಸುಧಾರಣೆಗೆ ಒತ್ತು ಕೊಟ್ಟಿತು. ನಮಗೆ ಮೊದಲಿನದು ನೆನಪಿದೆ, ಎರಡನೆಯದು ಮರೆತುಹೋಗಿದೆ.

ನನ್ನ ಕೆಲಸದಲ್ಲಿ ಸರ್ವರ್ ಕೈಕೊಟ್ಟರೆ ಮೊದಲು ಲಾಗ್ ನೋಡುತ್ತೇವೆ: ಎಷ್ಟು ಗಂಟೆಗೆ ಏನಾಯಿತು, ಯಾರು ಮುಟ್ಟಿದರು? ಲಾಗ್ ಇಲ್ಲದಿದ್ದರೆ ಎಂಥ ಬುದ್ಧಿವಂತರೂ ಕಾರಣ ಹೇಳಲಾರರು. ನ್ಯಾಯಾಧೀಶರ ಪಾಡೂ ಅದೇ. ಅವರ ಲಾಗ್ ಶುರುವಾಗುವುದು ಎಫ್‌ಐಆರ್‌ನಿಂದ.

ಆ ಎಫ್‌ಐಆರ್‌ಗೇ ಅಲೆದಾಡಿದವರಿದ್ದಾರೆ. ಪಕ್ಕದ ಗಾಜಿಯಾಬಾದ್ ಜಿಲ್ಲೆಯ ತಂದೆಯೊಬ್ಬರು 2008ರಲ್ಲಿ ಮಗಳು ಕಾಣೆಯಾದಳೆಂದು ಠಾಣೆಗೆ ಹೋದರು, ದೂರು ದಾಖಲಾಗಲಿಲ್ಲ. ಅವರು ಸುಪ್ರೀಂ ಕೋರ್ಟಿನವರೆಗೆ ಹೋದ ಫಲವೇ 2013ರ ಲಲಿತಾ ಕುಮಾರಿ ತೀರ್ಪು. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯ ಎಂದಿತು ಐವರ ಪೀಠ.

ಗೆಳತಿಯರೇ, ಇಷ್ಟನ್ನು ನೆನಪಿಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ನೋಯ್ಡಾದ ಘಟನೆಗೆ ದೆಹಲಿಯ ಠಾಣೆ "ಇದು ನಮ್ಮ ಹದ್ದಲ್ಲ" ಎನ್ನುವಂತಿಲ್ಲ. ಆನ್‌ಲೈನ್‌ನಲ್ಲಿ ಕೊಟ್ಟರೆ ಮೂರು ದಿನದೊಳಗೆ ಸಹಿ ಮಾಡಬೇಕು. ಪ್ರತಿ ಉಚಿತ. ನಿರಾಕರಿಸಿದರೆ ದೂರನ್ನು ಡಿಸಿಪಿಗೆ ಬರಹದಲ್ಲಿ ಕಳಿಸಿ, ಆಮೇಲೆ ಮ್ಯಾಜಿಸ್ಟ್ರೇಟ್ ಇದ್ದಾರೆ. ಅತ್ಯಾಚಾರ, ಆಸಿಡ್ ದಾಳಿಯಂಥ ಪ್ರಕರಣಗಳಲ್ಲಿ ದೂರು ದಾಖಲಿಸದ ಅಧಿಕಾರಿಗೆ ನ್ಯಾಯ ಸಂಹಿತೆಯ 199ನೇ ಸೆಕ್ಷನ್‌ನಡಿ ಆರು ತಿಂಗಳಿಂದ ಎರಡು ವರ್ಷದವರೆಗೆ ಕಠಿಣ ಶಿಕ್ಷೆಯಿದೆ. ತನಿಖೆಯ ಪ್ರಗತಿಯನ್ನು 90 ದಿನದೊಳಗೆ ನಮಗೆ ತಿಳಿಸಬೇಕು.

ಹಾಗೆಂದು ಪೊಲೀಸರೆಲ್ಲ ಕೆಟ್ಟವರು ಎನ್ನುತ್ತಿಲ್ಲ. ನಿರ್ಭಯಾ ತನಿಖೆ ಮಾಡಿದವರೂ ದೆಹಲಿ ಪೊಲೀಸರೇ. ದೇಶವೇ ನೋಡುತ್ತಿದ್ದಾಗ ಮಾಡಿದ ಕೆಲಸವನ್ನು ಯಾರೂ ನೋಡದಿದ್ದಾಗಲೂ ಮಾಡಿ ಎಂದಷ್ಟೇ ಕೇಳೋಣ. ಮುಂದಿನ ಬಾರಿ ಮೇಣದಬತ್ತಿ ಹಿಡಿದು ನಿಂತಾಗ "ಗಲ್ಲಿಗೇರಿಸಿ" ಎನ್ನುವ ಮೊದಲು ಮೂರು ಪ್ರಶ್ನೆ ಕೇಳೋಣ: ಎಫ್‌ಐಆರ್ ಯಾವಾಗ ಆಯಿತು? ಸಾಕ್ಷ್ಯ ಈಗ ಎಲ್ಲಿದೆ? ಲೋಪವಾದರೆ ಉತ್ತರ ಹೇಳುವ ಅಧಿಕಾರಿ ಯಾರು?