ವಾಲಿದ ಕಾರು: ದೋಷ ಎಲ್ಲಿದೆ?

ನಿಂತ ಕಾರು ಒಂದು ಬದಿಗೆ ವಾಲಿದರೆ ಹಲವರು ಶಾಕ್ ಅಬ್ಸಾರ್ಬರನ್ನು ದೂರುತ್ತಾರೆ. ಆದರೆ ಸಾಮಾನ್ಯ ಕಾರಿನಲ್ಲಿ ಭಾರ ಹೊರುವುದು ಸ್ಪ್ರಿಂಗ್. ಭಾರಕ್ಕೆ ತಕ್ಕಂತೆ ಅದು ಕುಗ್ಗುತ್ತದೆ. ಇದು 1678ರಲ್ಲಿ ರಾಬರ್ಟ್ ಹುಕ್ ಪ್ರಕಟಿಸಿದ ನಿಯಮ. ಶಾಕ್ ಅಬ್ಸಾರ್ಬರಿನ ಕೆಲಸ ಸ್ಪ್ರಿಂಗಿನ ಕುಣಿತವನ್ನು ತಡೆಯುವುದು.

ಖಾಲಿ ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ. ಟೈರುಗಳ ಗಾಳಿ ಸರಿಪಡಿಸಿ, ಪ್ರತಿ ಚಕ್ರದ ನಡುಬಿಂದುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ಅಳೆಯಿರಿ. ತಗ್ಗಿದ ಮೂಲೆಯ ಸ್ಪ್ರಿಂಗ್ ಸೋತಿರಬಹುದು, ಮುರಿದಿರಲೂಬಹುದು.

ಆದರೆ ಮುಂದಿನ ದೋಷವೂ ಹಿಂಬದಿಯನ್ನು ವಾಲಿಸಬಲ್ಲದು. ಮೆಕ್ಯಾನಿಕ್ ಮುಂಭಾಗದ ನಟ್ಟನಡುವೆ ಜಾಕ್ ಕೊಟ್ಟು ಎತ್ತಿದಾಗ ಹಿಂಬದಿ ಸಮವಾದರೆ ದೋಷ ಮುಂದಿದೆ. ವಾಲಿಯೇ ಇದ್ದರೆ ಹಿಂದಿದೆ.

ಇನ್ನು, ಮೂಲೆಯನ್ನು ಒತ್ತಿ ಬಿಟ್ಟಾಗ ಕಾರು ಕುಣಿಯುತ್ತಲೇ ಇದ್ದರೆ ಶಾಕ್ ಅಬ್ಸಾರ್ಬರ್ ಸೋತಿದೆ. ಉಬ್ಬುತಗ್ಗಿನ ರಸ್ತೆಯಲ್ಲಿ ಅಂಥ ಚಕ್ರದ ಹಿಡಿತ ತಪ್ಪುತ್ತದೆ, ಬ್ರೇಕ್ ಹಾಕಿದರೂ ಕಾರು ಮುಂದೆ ಸಾಗುತ್ತದೆ. ಆದ್ದರಿಂದ ಮೊದಲು ಅಳತೆ, ಆಮೇಲೆ ರಿಪೇರಿ.