ಮೊದಲ ಕೆಲಸಕ್ಕೆ ದಸ್ತೂರಿ ಕೊಡಬೇಡಿ

(ಬಾಂದ್ರಾದಲ್ಲಿ ಸೇರಿದ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಮಧ್ಯಾಹ್ನದ ಊಟದ ಗಿರಾಕಿಗಳು ಎದ್ದುಹೋದ ಮೇಲೆ, ಸಾಯಂಕಾಲದ ತಿಂಡಿಗೆ ಕಾವಲಿ ಕಾಯುವ ಮೊದಲು ನಮಗೆ ಸಿಕ್ಕುವುದು ಎರಡು ಗಂಟೆಯ ಬಿಡುವು. ಅದನ್ನು ನಿದ್ದೆಗೆ ಕೊಡದೆ ತಾವೆಲ್ಲ ಇಲ್ಲಿಗೆ ಬಂದಿದ್ದೀರಿ. ಆದುದರಿಂದ ಪೀಠಿಕೆಯನ್ನು ಬೆಳೆಸದೆ ನೇರವಾಗಿ ವಿಷಯಕ್ಕೆ ಬರುತ್ತೇವೆ.

ಸಂಘದ ಕಚೇರಿಗೆ ಬರುವವರು ಹಿಂದೆ ಏನು ಹೇಳಿಕೊಳ್ಳುತ್ತಿದ್ದರು? ಸಂಬಳ ಬಾಕಿ, ರಜೆ ಕೊಡಲಿಲ್ಲ, ಬೋನಸು ಇಲ್ಲ, ನೋಟೀಸಿಲ್ಲದೆ ಕೆಲಸದಿಂದ ತೆಗೆದರು. ಈ ಮಾತುಗಳು ಈಗಲೂ ಇವೆ. ಆದರೆ ಇವುಗಳ ಜೊತೆಗೆ ಹೊಸದೊಂದು ಮಾತು ಸೇರಿದೆ. "ಮಗ ಇಂಜಿನಿಯರಿಂಗ್ ಮುಗಿಸಿ ವರ್ಷವಾಯಿತು, ಕೆಲಸ ಸಿಗಲಿಲ್ಲ. ಒಬ್ಬರು ಕೊಡಿಸುತ್ತೇನೆ ಎಂದಿದ್ದಾರೆ, ಸ್ವಲ್ಪ ಹಣ ಕೇಳುತ್ತಾರೆ. ಪ್ರಾವಿಡೆಂಟ್ ಫಂಡಿನಿಂದ ತೆಗೆಯಲು ಅರ್ಜಿ ಬರೆದುಕೊಡಿ ಅಣ್ಣ." ಇಂಥ ಅರ್ಜಿ ಬರೆಯುವಾಗ ನಮ್ಮ ಕೈ ತಡೆಯುತ್ತದೆ. ಇಪ್ಪತ್ತು ವರ್ಷ ಒಲೆಯ ಮುಂದೆ ನಿಂತು ಕೂಡಿಟ್ಟ ಹಣ ಅದು. ಅದಕ್ಕಾಗಿಯೇ ಈ ಸಭೆಯನ್ನು ಕರೆದದ್ದು.

ನಾವು ಏಳನೆಯ ತರಗತಿಗೆ ಶಾಲೆ ಬಿಟ್ಟು, ಊರಿನಿಂದ ಬಸ್ಸು ಹತ್ತಿ ಬಂದು, ಲೋಟ ತೊಳೆಯುವುದರಿಂದ ಆರಂಭಿಸಿದವರು. ನಮಗೆ ಮೊದಲ ಕೆಲಸ ಸಿಕ್ಕಿದ್ದು ಹೇಗೆ? ಊರಿನವರೊಬ್ಬರು ಮಾಲಕರ ಹತ್ತಿರ "ಹುಡುಗ ನಮ್ಮ ಕಡೆಯವನು, ಕೈ ಶುದ್ಧ" ಎಂದರು. ಅಷ್ಟೆ. ಅಂದು ರಾತ್ರಿಯೇ ಊಟವೂ ಸಿಕ್ಕಿತು, ಮಲಗಲು ಜಾಗವೂ ಸಿಕ್ಕಿತು. ಸರ್ಟಿಫಿಕೇಟು ಕೇಳಿದವರಿಲ್ಲ, ಇಂಟರ್‌ವ್ಯೂ ಮಾಡಿದವರಿಲ್ಲ.

ಈಗ ನಮ್ಮ ಮಕ್ಕಳ ಕೈಯಲ್ಲಿ ಸರ್ಟಿಫಿಕೇಟು ಇದೆ. ಆದರೆ ಅವರ ಪರವಾಗಿ ಆ ಒಂದು ಮಾತು ಹೇಳುವವರಿಲ್ಲ. ಆಫೀಸರನ ಮಗನಾದರೆ ಚಿಕ್ಕಪ್ಪನೋ ಮಾವನೋ ಕಂಪನಿಯಲ್ಲಿರುತ್ತಾರೆ. ಎಲ್ಲಿ ಜಾಗ ಖಾಲಿ, ಯಾರಿಗೆ ಬರೆಯಬೇಕು, ಏನು ಓದಿಕೊಂಡು ಹೋಗಬೇಕು ಎಂದು ಹೇಳಿಕೊಡುತ್ತಾರೆ. ನಾವೂ ಆ ಕಂಪನಿಯ ಮ್ಯಾನೇಜರರಿಗೆ ಹತ್ತು ವರ್ಷ ಚಹ ಕೊಟ್ಟಿದ್ದೇವೆ, ಆದರೆ ಅವರಿಗೆ ನಮ್ಮ ಹೆಸರೂ ಗೊತ್ತಿಲ್ಲ. ಈ ಕೊರತೆಯ ಸಂದಿನಲ್ಲಿಯೇ ದಲಾಲ ನುಗ್ಗುತ್ತಾನೆ.

ನಮ್ಮ ಸದಸ್ಯರೊಬ್ಬರ ಸಂಗತಿ ಹೇಳುತ್ತೇವೆ, ಹೆಸರು ಬೇಡ. ಚಹ ಮಾಡುವವರು. ದಲಾಲನಿಗೆ ಒಂದೂವರೆ ಲಕ್ಷ ರೂಪಾಯಿಯನ್ನು ಎರಡು ಕಂತಿನಲ್ಲಿ ಕೊಟ್ಟರು. ಮಗನ ಮೊಬೈಲಿಗೆ ನೇಮಕದ ಪತ್ರ ಬಂತು. ಮುದ್ರೆ ಇತ್ತು, ಸಹಿ ಇತ್ತು, ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ವಿಳಾಸವೂ ಇತ್ತು. ಹುಡುಗ ಹೊಸ ಷರ್ಟು ಹಾಕಿಕೊಂಡು ಹೋದ. ಕಟ್ಟಡದ ಬಾಗಿಲಿನ ವಾಚ್‌ಮನ್ ಪತ್ರ ನೋಡಿ, "ಈ ತಿಂಗಳಲ್ಲಿ ನೀನು ನಾಲ್ಕನೆಯವನು" ಎಂದ. ದಲಾಲನ ಫೋನು ಆ ದಿನದಿಂದ ಬಂದ್.

ಗಿರಣಿಯ ಹಿರಿಯರಿಗೆ ಈ ಕಥೆಯ ಬೇರು ಗೊತ್ತಿದೆ. ಹಿಂದೆ ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಆಳು ತೆಗೆದುಕೊಳ್ಳುವ ಅಧಿಕಾರ ಜಾಬರನ ಕೈಯಲ್ಲಿತ್ತು. ಕೆಲಸ ಬೇಕಾದವನು ಅವನಿಗೆ ದಸ್ತೂರಿ ಕೊಡಬೇಕು, ಬದಲಿ ಕೆಲಸಕ್ಕೂ ಕೊಡಬೇಕು. 1931ರಲ್ಲಿ ವರದಿ ಕೊಟ್ಟ ರಾಯಲ್ ಲೇಬರ್ ಕಮಿಷನ್ ಈ ಲಂಚದ ಪದ್ಧತಿಯನ್ನು ಎತ್ತಿ ತೋರಿಸಿತು. 1935ರಲ್ಲಿ ಬದಲಿಗಳಿಗೆ ಕಾರ್ಡು ಕೊಡುವ ಕ್ರಮ ಬಂತು, 1950ರ ಹೊತ್ತಿಗೆ ಸರ್ಕಾರವೇ ಗಿರಣಿ ಕಾರ್ಮಿಕರ ಹೆಸರು ನೋಂದಾಯಿಸಿಕೊಳ್ಳುವ ಯೋಜನೆ ತಂದಿತು. ಪಟ್ಟಿ ಬಂತು, ಸರದಿ ಬಂತು, ಕಾರ್ಮಿಕರು ಸಂಘ ಕಟ್ಟಿಕೊಂಡರು. ಹೀಗೆ ಮೆಲ್ಲಮೆಲ್ಲನೆ ಜಾಬರನ ಬಲ ಕುಂದಿತು.

ತಾತಂದಿರ ಕಾಲದಲ್ಲಿ ಹೊರಗೆ ಹಾಕಿದ ಆ ಜಾಬರನನ್ನು ನಾವೇ ಈಗ ಮೊಮ್ಮಕ್ಕಳಿಗಾಗಿ ಮನೆಗೆ ಕರೆದು ಕುರ್ಚಿ ಕೊಡಬೇಕೆ? ಹಳೆಯ ಜಾಬರ ದಸ್ತೂರಿ ತಿಂದರೂ ಸಾಂಚೆಯ ಮುಂದೆ ತಂದು ನಿಲ್ಲಿಸುತ್ತಿದ್ದ. ಈಗಿನವನು ಹಣ ತಿಂದು ರಸ್ತೆಯಲ್ಲಿ ನಿಲ್ಲಿಸುತ್ತಾನೆ.

"ಹಾಗಾದರೆ ಹುಡುಗನಿಗೆ ಕೆಲಸ ಯಾಕೆ ಸಿಗುವುದಿಲ್ಲ, ಅವನು ದಡ್ಡನೆ?" ಎಂದು ತಂದೆತಾಯಿ ಕೇಳುತ್ತಾರೆ. ಎಲ್ಲ ತಪ್ಪನ್ನೂ ಹುಡುಗನ ತಲೆಗೆ ಕಟ್ಟಬಾರದು. ಸಾಫ್ಟ್‌ವೇರ್ ಕಂಪನಿಗಳು ಒಂದು ವರ್ಷ ಸಾವಿರಗಟ್ಟಲೆ ಮಂದಿಯನ್ನು ತೆಗೆದುಕೊಳ್ಳುತ್ತವೆ, ಮರುವರ್ಷ ಕೈ ಬಿಗಿಹಿಡಿಯುತ್ತವೆ. 2024ರ ಮಾರ್ಚಿಗೆ ಮುಗಿದ ಒಂದೇ ವರ್ಷದಲ್ಲಿ ಟಾಟಾ ಕನ್ಸಲ್ಟೆನ್ಸಿಯ ನೌಕರರ ಸಂಖ್ಯೆ 13,249ರಷ್ಟು, ಇನ್ಫೋಸಿಸ್ ಕಂಪನಿಯದು 25,994ರಷ್ಟು ಇಳಿಯಿತು. ಆ ವರ್ಷ ಕಾಲೇಜಿನಿಂದ ಹೊರಬಿದ್ದ ಹುಡುಗ ಏನು ಮಾಡಬೇಕು? ಮಳೆಗಾಲದಲ್ಲಿ ಗಿರಾಕಿ ಬರಲಿಲ್ಲವೆಂದು ಅಡುಗೆಯ ಭಟ್ಟರನ್ನು ಬಯ್ಯುವುದುಂಟೆ?

ಕಾಲೇಜು ಕಾಲೇಜಿಗೂ ವ್ಯತ್ಯಾಸವಿದೆ. ನಮ್ಮ ಈ ಬಾಂದ್ರಾದಲ್ಲೇ ಸರ್ಕಾರಿ ಪಾಲಿಟೆಕ್ನಿಕ್ ಇದೆ, 1983ರಲ್ಲಿ ಆರಂಭವಾದ ಥಡೋಮಲ್ ಶಹಾನಿ ಕಾಲೇಜಿದೆ, 1984ರ ಫಾದರ್ ರಾಡ್ರಿಗ್ಸ್ ಕಾಲೇಜಿದೆ. ಹೆಸರಾದ ಕಾಲೇಜುಗಳಿಗೆ ಕಂಪನಿಯವರು ತಾವಾಗಿಯೇ ಬಂದು ಹುಡುಗರನ್ನು ಆರಿಸುತ್ತಾರೆ. ನಮ್ಮ ಮಕ್ಕಳಲ್ಲಿ ಹಲವರು ಓದುವುದು ಊರಾಚೆಯ ಕಾಲೇಜುಗಳಲ್ಲಿ. ಅಲ್ಲಿಗೆ ಕಂಪನಿಗಳು ಬರುವುದು ಅಪರೂಪ. ಅವರೇ ಕಂಪನಿಯ ಬಾಗಿಲಿಗೆ ಹೋಗಬೇಕು. ಹಾಗಾದರೆ ಆ ಬಾಗಿಲುಗಳು ಯಾವುವು?

ಮೊದಲನೆಯದು ಅಪ್ರೆಂಟಿಸ್ ಬಾಗಿಲು. 1961ರ ಅಪ್ರೆಂಟಿಸ್ ಕಾಯಿದೆ ಮೊದಲು ಕಸಬಿನ ಹುಡುಗರಿಗಾಗಿ ಬಂತು. 1973ರ ತಿದ್ದುಪಡಿಯಿಂದ ಇಂಜಿನಿಯರಿಂಗ್ ಪದವಿ, ಡಿಪ್ಲೊಮಾ ಮುಗಿಸಿದವರೂ ಅದರೊಳಗೆ ಬಂದರು. ಮೂವತ್ತು ಮಂದಿಗೆ ಕಡಮೆಯಿಲ್ಲದೆ ದುಡಿಯುವ ಸಂಸ್ಥೆ, ತನ್ನ ಬಲದ ನೂರಕ್ಕೆ ಎರಡೂವರೆಯಿಂದ ಹದಿನೈದರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಬೇಕೆಂದು 2019ರ ನಿಯಮ ಹೇಳುತ್ತದೆ. ಅದೇ ನಿಯಮದಲ್ಲಿ ಪದವೀಧರನಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ, ಡಿಪ್ಲೊಮಾದವನಿಗೆ 8,000 ರೂಪಾಯಿ ಭತ್ಯೆ ಎಂದು ಗೊತ್ತುಮಾಡಿದರು. ಸೇರುವ ದಿನ ಜಾರಿಯಲ್ಲಿರುವ ದರವನ್ನು ಕೇಳಿ ತಿಳಿದುಕೊಂಡೇ ಸಹಿ ಹಾಕಬೇಕು. ಪಶ್ಚಿಮ ಭಾಗದ ಅಪ್ರೆಂಟಿಸ್ ತರಬೇತಿ ಮಂಡಳಿಯ ಕಚೇರಿ ಇರುವುದು ಸಾಯನ್‌ನಲ್ಲಿ. ಇಲ್ಲಿಂದ ಧಾರಾವಿ ದಾಟಿದರೆ ಆಯಿತು. ಹೆಸರು ನೋಂದಾಯಿಸಲು ಹಣವಿಲ್ಲ, ಕಂಪ್ಯೂಟರಿನಲ್ಲಿ ಮನೆಯಿಂದಲೇ ಮಾಡಬಹುದು.

ಸುಳ್ಳು ಆಸೆ ಹುಟ್ಟಿಸುವುದು ನಮ್ಮ ಕೆಲಸವಲ್ಲ. ವರ್ಷ ಮುಗಿದ ಮೇಲೆ ಕಾಯಂ ಮಾಡಲೇಬೇಕೆಂಬ ಕಡ್ಡಾಯ ಈ ಕಾಯಿದೆಯಲ್ಲಿಲ್ಲ. ಅಪ್ರೆಂಟಿಸನನ್ನು ಅದು ಕಾರ್ಮಿಕನೆಂದೂ ಎಣಿಸುವುದಿಲ್ಲ. ಅದನ್ನು ಬದಲಾಯಿಸಲು ಹೋರಾಡುವುದು ಬೇರೆ ಮಾತು. ಆದರೆ "ಅನುಭವ ಇದೆಯೆ?" ಎಂದು ಮುಂದಿನ ಕಂಪನಿಯವನು ಕೇಳಿದಾಗ, ಒಂದು ವರ್ಷ ಯಂತ್ರದ ಹತ್ತಿರ ನಿಂತವನು ಹೌದೆನ್ನಬಲ್ಲ, ಮನೆಯಲ್ಲಿ ಕುಳಿತವನು ಅನ್ನಲಾರ.

ಎರಡನೆಯದು ಸರ್ಕಾರಿ ಪರೀಕ್ಷೆಗಳ ಬಾಗಿಲು. ರೈಲ್ವೆಯ ಜೂನಿಯರ್ ಇಂಜಿನಿಯರ್ ಪರೀಕ್ಷೆಯಿದೆ. ಗೇಟ್ ಪರೀಕ್ಷೆಯ ಅಂಕಗಳ ಮೇಲೆ ಕೆಲವು ಸರ್ಕಾರಿ ಉದ್ಯಮಗಳು ಇಂಜಿನಿಯರರನ್ನು ತೆಗೆದುಕೊಳ್ಳುತ್ತವೆ. ಇಲ್ಲಿ ಪರೀಕ್ಷೆಯ ಶುಲ್ಕ ಬಿಟ್ಟು ಬೇರೆ ಹಣವಿಲ್ಲ. "ರೈಲ್ವೆಯಲ್ಲಿ ನಮ್ಮ ಮನುಷ್ಯ ಇದ್ದಾನೆ" ಎನ್ನುವವನು ಮನೆಗೆ ಬಂದರೆ ಚಹ ಕೊಡಿ, ಹಣ ಕೊಡಬೇಡಿ.

ಮೂರನೆಯದು ಸಣ್ಣ ಕಾರ್ಖಾನೆ, ಸಣ್ಣ ಕಂಪನಿಗಳ ಬಾಗಿಲು. ಗಾಜಿನ ಕಟ್ಟಡವೇ ಆಗಬೇಕೆಂಬ ಹಟ ಬೇಡ. ವಿಶ್ವೇಶ್ವರಯ್ಯನವರ ಹೆಸರು ತಿಳಿಯದ ಕನ್ನಡಿಗನಿಲ್ಲ. ಅವರ ಮೊದಲ ಕೆಲಸ ಎಲ್ಲಿ ಎಂದು ಬಲ್ಲಿರಾ? ಪುಣೆಯಲ್ಲಿ ಓದಿ, ಮೊದಲಿಗರಾಗಿ ತೇರ್ಗಡೆಯಾಗಿ, 1884ರಲ್ಲಿ ಇದೇ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರರಾಗಿ ಸೇರಿದರು. ನಾಸಿಕ, ಖಾನದೇಶಗಳ ಕಡೆ ಹೊಳೆಗೆ ಅಡ್ಡವಾಗಿ ನೀರಿನ ಕೊಳವೆ ಹಾಕಿಸುವಂಥ ಕೆಲಸ. ಕೃಷ್ಣರಾಜಸಾಗರದ ಕಟ್ಟೆಯ ಕೆಲಸ ಆರಂಭವಾದದ್ದು 1911ರಲ್ಲಿ. ನಡುವೆ ಇಪ್ಪತ್ತೇಳು ವರ್ಷ. ಆ ಕಾಲದಲ್ಲಿ ಇಂಜಿನಿಯರರು ಬೆರಳೆಣಿಕೆ, ಈಗ ಸಾಲುಸಾಲು; ಹೋಲಿಕೆ ಪೂರ್ತಿ ಸರಿಹೊಂದುವುದಿಲ್ಲ. ಆದರೂ ಮೊದಲ ಕೆಲಸದಲ್ಲಿ ನೋಡಬೇಕಾದದ್ದು ಕಲಿಕೆಯನ್ನು ಎಂಬ ಮಾತು ಆಗಲೂ ನಿಜ, ಈಗಲೂ ನಿಜ.

ಇನ್ನು ಎಚ್ಚರಿಕೆಯ ಎರಡು ಮಾತು. ಒಂದು, ಬಾಂಡಿನ ಸಂಗತಿ. "ಇಷ್ಟು ವರ್ಷ ಬಿಟ್ಟುಹೋಗುವುದಿಲ್ಲ, ಹೋದರೆ ಇಷ್ಟು ಹಣ ಕೊಡುತ್ತೇನೆ" ಎಂಬ ಕರಾರು ಪತ್ರ ಅದು. ಬರೀ ಕಾಗದ ಎಂದು ಸಹಿ ಹಾಕಬೇಡಿ. ಬ್ಯಾಂಕೊಂದರ ಅಂಥ ಕರಾರನ್ನು, ಮೂರು ವರ್ಷದೊಳಗೆ ಬಿಟ್ಟರೆ ಎರಡು ಲಕ್ಷ ರೂಪಾಯಿ ಎಂಬುದನ್ನು, 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಸಹಿಗೆ ಮೊದಲು ಕಾಗದವನ್ನು ಸಂಘಕ್ಕೆ ತನ್ನಿ, ವಕೀಲರಿಂದ ಓದಿಸುತ್ತೇವೆ. ಮೂಲ ಸರ್ಟಿಫಿಕೇಟುಗಳನ್ನು ತೋರಿಸಿ, ನಕಲು ಕೊಡಿ, ಮೂಲವನ್ನು ಯಾರ ಪೆಟ್ಟಿಗೆಯಲ್ಲೂ ಬಿಟ್ಟುಬರಬೇಡಿ.

ಇನ್ನೊಂದು, ಪರದೇಶದ ಆಸೆ. ಥೈಲೆಂಡಿನಲ್ಲಿ ಕಂಪ್ಯೂಟರ್ ಕೆಲಸವೆಂದು ನಂಬಿಸಿ, ಓದಿದ ಹುಡುಗರನ್ನು ಗಡಿ ದಾಟಿಸಿ ಮ್ಯಾನ್ಮಾರಿನಲ್ಲಿ ಕೂಡಿಹಾಕಿ ಮೋಸದ ದಂಧೆ ಮಾಡಿಸುತ್ತಿದ್ದಾರೆಂದು 2022ರ ಸೆಪ್ಟೆಂಬರಿನಲ್ಲಿ ಭಾರತ ಸರ್ಕಾರವೇ ಎಚ್ಚರಿಕೆ ಕೊಟ್ಟಿತು. ಹೊರದೇಶಕ್ಕೆ ಆಳು ಕಳಿಸುವವನಿಗೆ 1983ರ ವಲಸೆ ಕಾಯಿದೆಯಂತೆ ಸರ್ಕಾರದ ನೋಂದಣಿ ಇರಬೇಕು. ಅದನ್ನು ಮೊದಲು ಕೇಳಿ. ತೋರಿಸದಿದ್ದರೆ ಬಾಗಿಲು ತೋರಿಸಿ.

ತಾಯಂದಿರೇ, ಈಗ ಮನೆಯ ಮಾತು. ಇಂಟರ್‌ವ್ಯೂಗೆ ಹೋಗಿಬಂದ ಹುಡುಗನೊಬ್ಬ ನಮ್ಮ ಹತ್ತಿರ ಹೇಳಿದ: "ತಂದೆ ಏನು ಮಾಡುತ್ತಾರೆ ಎಂದು ಕೇಳಿದರು. ಹೋಟೆಲ್ ಬಿಸಿನೆಸ್ ಎಂದೆ. ಎಷ್ಟು ಹೋಟೆಲು ಎಂದರು. ಬಾಯಿ ಕಟ್ಟಿತು." ಅಲ್ಲಿಂದ ಮುಂದೆ ಬಂದ ಪ್ರಶ್ನೆಗಳಿಗೂ ಅವನ ನಾಲಗೆ ತೊದಲಿತು. ತಂದೆ ಸಪ್ಲಾಯರ್ ಎಂದು ನೇರವಾಗಿ ಹೇಳಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಈ ನಾಚಿಕೆಯನ್ನು ಅವನಿಗೆ ಕಲಿಸಿದವರು ಯಾರು? "ನಮ್ಮ ಹಾಗೆ ಆಗಬೇಡ" ಎಂದು ದಿನಕ್ಕೆ ಹತ್ತು ಸಲ ಹೇಳುವ ಮನೆಯಲ್ಲಿ ಮಗು ಇನ್ನೇನು ಕಲಿಯುತ್ತದೆ?

ಕೆಲಸ ಸಿಗುವವರೆಗೆ ಹುಡುಗ ಹೋಟೆಲಿನ ಗಲ್ಲೆಯ ಮೇಲೆ ಕುಳಿತರೂ, ಗಾಡಿಯಲ್ಲಿ ಸಾಮಾನು ಹಂಚಿದರೂ ಅವಮಾನವಿಲ್ಲ. ಆದರೆ ದಿನಕ್ಕೆ ಎರಡು ಗಂಟೆ ಕಲಿತದ್ದನ್ನು ಮಸೆಯಲು ಬಿಡಿ. ಕೈಯಾರೆ ಮಾಡಿದ ಒಂದು ಕೆಲಸ, ಒಂದು ಯಂತ್ರವೋ ಒಂದು ಪ್ರೋಗ್ರಾಮೋ, ತೋರಿಸುವಂತಿರಲಿ. ಹೆಣ್ಣುಮಕ್ಕಳ ವಿಷಯದಲ್ಲಂತೂ, ಪದವಿ ಬಂದ ಮರುದಿನವೇ "ಇನ್ನು ಮದುವೆ ನೋಡೋಣ" ಎಂದು ಅರ್ಜಿಗಳನ್ನು ಕಟ್ಟಿಡಬೇಡಿ. ಅಣ್ಣನಿಗೆ ಕೊಟ್ಟಷ್ಟೇ ಕಾಲವನ್ನು ತಂಗಿಗೂ ಕೊಡಿ. ಅವಳ ಫೀಜು ಕೂಡ ನಮ್ಮ ಬೆವರಿನದೇ.

ಕಡೆಯದಾಗಿ ಸಂಘದ ಕರ್ತವ್ಯ. ಮುಂಬಯಿಗೆ ಬಂದ ನಮ್ಮ ಹಿರಿಯರು ಹೋಟೆಲು ಹುಡುಗರ ಕೈಗೆ ಪಾಟಿ ಕೊಟ್ಟವರು. ಮೊಗವೀರ ಬಂಧುಗಳು 1908ರಲ್ಲಿಯೇ ರಾತ್ರಿಶಾಲೆ ತೆರೆದರು. ಹಗಲು ಲೋಟ ತೊಳೆದು ರಾತ್ರಿ ಅಕ್ಷರ ಕಲಿತವರು ಬ್ಯಾಂಕು ಸೇರಿದರು, ಕೋರ್ಟು ಸೇರಿದರು. ಅಂದು ಬೇಕಾಗಿದ್ದದ್ದು ಮೆಟ್ರಿಕ್. ಇಂದು ಬೇಕಾಗಿರುವುದು, ಓದಿದ ಮಗುವಿನ ಪರವಾಗಿ ಹೇಳುವ ಒಂದು ಮಾತು.

ಆದುದರಿಂದ ಸಭೆಯ ಮುಂದೆ ಮೂರು ಸೂಚನೆ ಇಡುತ್ತೇವೆ. ನಮ್ಮ ಮಕ್ಕಳಲ್ಲಿ ಈಗಾಗಲೇ ಇಂಜಿನಿಯರಿಂಗ್ ಕೆಲಸದಲ್ಲಿರುವವರ ಹೆಸರು, ಕಂಪನಿ, ಕಸುಬು, ಇಷ್ಟನ್ನು ಸಂಘದ ಪುಸ್ತಕದಲ್ಲಿ ಬರೆಸಬೇಕು; ತಮ್ಮ ಕಂಪನಿಯಲ್ಲಿ ಜಾಗ ಖಾಲಿಯಾದ ದಿನವೇ ಅವರು ತಿಳಿಸಬೇಕು. ಕೆಲಸ ಹುಡುಕುವವರ ಪಟ್ಟಿ ಇನ್ನೊಂದು ಪುಸ್ತಕದಲ್ಲಿರಬೇಕು. ತಿಂಗಳಿಗೊಂದು ಮಧ್ಯಾಹ್ನ, ಇದೇ ಬಿಡುವಿನ ಹೊತ್ತಿನಲ್ಲಿ, ಕೆಲಸದಲ್ಲಿರುವ ಇಬ್ಬರು ಬಂದು ಹುಡುಕುವವರ ಅರ್ಜಿ ತಿದ್ದಬೇಕು, ಎದುರು ಕೂರಿಸಿಕೊಂಡು ಪ್ರಶ್ನೆ ಕೇಳಿ ಅಭ್ಯಾಸ ಮಾಡಿಸಬೇಕು. ಇದಕ್ಕೆ ಸಂಘ ಯಾರಿಂದಲೂ ಒಂದು ಪೈಸೆ ತೆಗೆದುಕೊಳ್ಳಬಾರದು. ನಮ್ಮ ಕಾರ್ಯಕರ್ತನೇ ತೆಗೆದುಕೊಂಡರೆ ಅವನನ್ನೂ ಜಾಬರನೆಂದೇ ತಿಳಿದು ಹೊರಗೆ ಹಾಕಬೇಕು.

ಒಪ್ಪಿಗೆಯಿದ್ದವರು ಕೈ ಎತ್ತಿ. ಪುಸ್ತಕ ಇಲ್ಲಿಯೇ ಮೇಜಿನ ಮೇಲಿದೆ. ಐದು ಗಂಟೆಗೆ ಕೆಲಸಕ್ಕೆ ಮರಳುವ ಮೊದಲು ಹೆಸರುಗಳನ್ನು ಬರೆಸಿ ಹೋಗಬೇಕೆಂದು ಬೇಡಿಕೊಂಡು ಮಾತು ಮುಗಿಸುತ್ತೇವೆ.