ನಲ್ಲಿಯ ನೀರು ಕಲ್ಲಾಗುವ ನಾಡಿನಲ್ಲಿ



ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನದ ಅಂಗಳದಲ್ಲಿ ನಿಂತು, ಕೊಳವೆಯೊಳಗಣ ನೀರು ಹೆಪ್ಪುಗಟ್ಟುವ ಮಾತೆತ್ತಿದರೆ ಕೇಳಿದವರು ನಕ್ಕಾರು. ಬೇಸಗೆಯಲ್ಲಿ ಅಲ್ಲಿನ ಶಾಖವು 40 ಡಿಗ್ರಿಯನ್ನು ಮೀರುವುದುಂಟು. ಮಧ್ಯಾಹ್ನ ನಳ ತಿರುಗಿಸಿದರೆ ಕೈಸುಡುವ ನೀರು. ಆದರೆ ಹೋಳಿಯ ಬೆನ್ನಿಗೇ ಬರುವ ಅಲ್ಲಿನ ಜಾತ್ರೆಗೆಂದು ಶಿಕಾಗೋ ನಗರದ ಮನೆಗೆ ಬೀಗವಿಕ್ಕಿ ಬಂದವರಿದ್ದರೆ, ಅವರ ಹಿಂದೆ ಆ ಮನೆ ಇನ್ನೂ ಚಳಿಯಲ್ಲಿಯೇ ಇರುತ್ತದೆ.

ನೀರು ಹೆಪ್ಪುಗಟ್ಟಿದಾಗ ಗಾತ್ರದಲ್ಲಿ ನೂರಕ್ಕೆ ಸುಮಾರು 9 ಪಾಲು ಹಿಗ್ಗುತ್ತದೆ. ಆ ಗಡ್ಡೆಯೇ ಕೊಳವೆಯನ್ನು ಸೀಳುವುದೆಂದು ಸಾಮಾನ್ಯವಾದ ನಂಬಿಕೆ. ಬಹುಮಟ್ಟಿಗೆ ನಡೆಯುವುದು ಬೇರೆ. ಗಡ್ಡೆಯು ಬಿರಡೆಯಂತೆ ಬೆಳೆದು, ತನಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿದ ನೀರನ್ನು ಒತ್ತುತ್ತದೆ. ಆ ಒತ್ತಡಕ್ಕೆ ಕೊಳವೆಯು ದುರ್ಬಲವಾದೆಡೆ, ಗಡ್ಡೆಯೇ ಇಲ್ಲದ ಕಡೆ, ಒಡೆಯುತ್ತದೆ. ಆದುದರಿಂದಲೇ ಕಡುಚಳಿಯ ರಾತ್ರಿ ನಲ್ಲಿಯನ್ನು ತೊಟ್ಟಿಕ್ಕುವಂತೆ ಬಿಡುವ ಪದ್ಧತಿ. ನಳದ ನೀರಿನ ಸರದಿಯನ್ನು ಕಾದು, ಕೊಡಗಳಲ್ಲಿ ತುಂಬಿಟ್ಟು ಬಾಳಿದ ನಮ್ಮ ಹಿರಿಯರು ಮಗನ ಮನೆಗೆ ಹೋದಾಗ, ಇದನ್ನು ಕಂಡು ಸುಮ್ಮನಿರಲಾರರು. ಎದ್ದು ಹೋಗಿ ಬಿಗಿಯಾಗಿ ತಿರುಗಿಸಿಯಾರು. ಇಲ್ಲಿ ಸದ್ಗುಣವಾದುದು ಅಲ್ಲಿ ಗೋಡೆಯನ್ನು ಒಡೆಸೀತು! ಮಕ್ಕಳು ಕಾರಣವನ್ನು ಮೊದಲೇ ತಿಳಿಸತಕ್ಕದ್ದು.

2021ರ ಫೆಬ್ರವರಿಯಲ್ಲಿ ಟೆಕ್ಸಾಸ್ ಪ್ರಾಂತವು ಇದನ್ನು ಅನುಭವಿಸಿತು. ಹೂಸ್ಟನ್, ಡಲ್ಲಾಸ್ ನಗರಗಳಲ್ಲಿ ಕನ್ನಡಿಗರೂ ಬಹುಮಂದಿ. ಸೆಕೆಗಾಗಿ ಕಟ್ಟಿದ ಮನೆಗಳು. ಅಟ್ಟದಲ್ಲಿಯೂ ಹೊರಗೋಡೆಯಲ್ಲಿಯೂ ಹೊದಿಕೆಯಿಲ್ಲದ ಕೊಳವೆಗಳು. ಚಳಿಯೊಡನೆ ವಿದ್ಯುತ್ತೂ ನಿಂತಿತು. ಒಡೆದುದು ಅನೇಕರಿಗೆ ತಿಳಿದುದು ಗಡ್ಡೆ ಕರಗಿ ಚಾವಣಿಯಿಂದ ನೀರು ಸುರಿದಾಗ.

ಅಂಗಳದ ನಲ್ಲಿಗೆ ಉಪಾಯವು ಸುಲಭ. ಚಳಿ ಹತ್ತುವ ಮೊದಲೇ ರಬ್ಬರ್ ಕೊಳವೆಯನ್ನು ಕಳಚಿ, ಒಳಗಿನ ವಾಲ್ವನ್ನು ಮುಚ್ಚಿ, ಹೊರಗಿನ ನಲ್ಲಿಯನ್ನು ತೆರೆದು ನೀರು ಬಸಿದುಹೋಗಲು ಬಿಡಬೇಕು. ಕೊಳವೆಗೆ ಸುತ್ತುವ ಹೊದಿಕೆಯನ್ನು ಅತಿಯಾಗಿ ನಂಬಲಾಗದು. ಅದು ಶಾಖವನ್ನು ಹುಟ್ಟಿಸದು, ಕಳೆದುಕೊಳ್ಳುವುದನ್ನು ನಿಧಾನಿಸುತ್ತದೆ, ಅಷ್ಟೆ. ಮನೆ ಬಿಟ್ಟು ಬರುವವರು ಮುಖ್ಯ ವಾಲ್ವನ್ನು ಮುಚ್ಚಿ, ನಲ್ಲಿಗಳನ್ನು ತೆರೆದು ಬರಿದುಮಾಡಿ, ಒಳಗಿನ ಶಾಖವನ್ನು 13 ಡಿಗ್ರಿಗೆ ಕಡಮೆಯಾಗದಂತೆ ಇರಿಸುವುದು ಲೇಸು. ನೆರೆಯವರಿಗೆ ಬೀಗದಕೈ ಕೊಟ್ಟರೆ ಸಾಲದು, ವಾಲ್ವಿರುವ ಸ್ಥಳವನ್ನೂ ತೋರಿಸಿರಬೇಕು.

ಹೆಪ್ಪುಗಟ್ಟಿಯೇ ಹೋದರೆ, ಉರಿಯನ್ನು ಎಂದಿಗೂ ಹಿಡಿಯಬಾರದು. ನಲ್ಲಿಯನ್ನು ತೆರೆದಿಟ್ಟು, ಅದರ ಕಡೆಯಿಂದಲೇ ಆರಂಭಿಸಿ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮೆಲ್ಲನೆ ಗಡ್ಡೆಯತ್ತ ಸಾಗಬೇಕು. ಕರಗಿದ ನೀರಿಗೆ ಹೊರಬರಲು ದಾರಿಯಿರುತ್ತದೆ.